ಹಳೇ ಪಿಕಪ್‌ನ ಹಿಂಭಾಗದಿಂದ ಮಾಡಿದ ಟ್ರೇಲರ್: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ತಿಪಟೂರು ಕಡೆಯ ನಮ್ಮ ತೆಂಗಿನ ತೋಟದಲ್ಲಿ ಒಂದು ದಿಬ್ಬ ಇದೆ. ಅಂಥ ದೊಡ್ಡದೇನಲ್ಲ. ಹಿಂಡಿ ಚೀಲ ತುಂಬಿದ ಟ್ರೇಲರ್ ಎಳೆದುಕೊಂಡು ಅದನ್ನು ಹತ್ತುವಾಗ ಮಿನಿ ಟ್ರ್ಯಾಕ್ಟರ್‌ನ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗತೊಡಗಿದವು. ಇಳಿಯುವಾಗ ಹುಕ್ಕಿನ ಹತ್ತಿರ ಟಕ್ ಟಕ್ ಅಂತ ಸದ್ದು. ಮೂರನೇ ಸಲ ಹೋದಾಗ ಬಲಗಡೆ ಚಕ್ರದಿಂದ ಸುಟ್ಟ ವಾಸನೆ ಬಂತು. ಆಮೇಲೊಂದು ದಿನ ಮಳೆ ಬಿದ್ದಿತ್ತು. ಹಸಿ ಮಣ್ಣಿನಲ್ಲಿ ಟೈರಿನ ಗುರುತು ನೋಡಿದರೆ, ಟ್ರೇಲರ್ ನೇರವಾಗಿ ಹಿಂಬಾಲಿಸದೆ ಒಂದು ಪಕ್ಕಕ್ಕೆ ಸರಿದು ಬರುತ್ತಿತ್ತು.

ಅದು ಅಂಗಡಿಯಲ್ಲಿ ಕೊಂಡ ಟ್ರೇಲರ್ ಅಲ್ಲ. ಎಂಜಿನ್ ಸತ್ತು, ಕ್ಯಾಬಿನ್ ತುಕ್ಕು ಹಿಡಿದಿದ್ದ ಒಂದು ಹಳೇ ಪಿಕಪ್. ಕ್ಯಾಬಿನ್ ಹಿಂದೆ ಚಾಸಿ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಕತ್ತರಿಸಿ, ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮತ್ತು ಬಾಡಿ ಉಳಿಸಿಕೊಂಡು, ಮುಂದಕ್ಕೆ ಕಬ್ಬಿಣದ ಮೂಕಿ, ಅಂದರೆ ಟ್ರ್ಯಾಕ್ಟರ್‌ಗೆ ಸಿಕ್ಕಿಸುವ ಉದ್ದನೆಯ ತೋಳು, ಕೂಡಿಸಿದ್ದು. ಇಂಥ ಟ್ರೇಲರ್‌ಗಳು ಈಗ ಹಳ್ಳಿ ಹಳ್ಳಿಯಲ್ಲೂ ಕಾಣುತ್ತವೆ. ಚೆನ್ನಾಗಿ ಮಾಡಿದರೆ ಹತ್ತಾರು ವರ್ಷ ಬಾಳುವ ವಸ್ತು. ಆದರೆ ಕೆಟ್ಟಾಗ ಹೆಚ್ಚಿನವರು ಬಿಡಿಭಾಗ ಬದಲಿಸುತ್ತಾ ಹೋಗುತ್ತಾರೆ. ನಾನೂ ಅದನ್ನೇ ಮಾಡಿದೆ. ಸುಟ್ಟ ಬೇರಿಂಗನ್ನು ಬದಲಿಸಿದೆ. ಎರಡನೆಯದೂ ಸುಟ್ಟ ಮೇಲೆ ಬೇರೆ ದಿಕ್ಕಿನಿಂದ ಯೋಚಿಸಿದೆ: ಕತ್ತರಿಸಿ ತೆಗೆದ ಆ ಮುಂಭಾಗ, ಈ ಹಿಂಭಾಗಕ್ಕೆ ಏನೇನು ಮಾಡಿಕೊಡುತ್ತಿತ್ತು?

ಭಾರದ ಒಂದು ಪಾಲನ್ನು ಮುಂದಿನ ಚಕ್ರಗಳು ಹೊರುತ್ತಿದ್ದವು. ಬ್ರೇಕಿನ ಎಣ್ಣೆ ಮುಂದಿನಿಂದ ಬರುತ್ತಿತ್ತು. ದೀಪದ ಅರ್ತಿಂಗ್, ಅಂದರೆ ಕರೆಂಟ್ ವಾಪಸಾಗುವ ದಾರಿ, ಬ್ಯಾಟರಿಯ ತನಕ ಚಾಸಿಯಲ್ಲೇ ಇತ್ತು. ಸರ್ವೀಸ್ ಅಂತ ನೆನಪಾದಾಗ ಹೌಸಿಂಗ್‌ನ (ಆಕ್ಸಲ್‌ನ ಹೊರಕವಚದ) ಆಯಿಲ್ ಕೂಡ ಯಾರೋ ನೋಡುತ್ತಿದ್ದರು. ಇದಿಷ್ಟೂ ಒಂದೇ ದಿನದಲ್ಲಿ ನಿಂತುಹೋಯಿತು. ಈ ಪ್ರಶ್ನೆ ಇಟ್ಟುಕೊಂಡು ಹುಡುಕಿದ ಮೇಲೆ ನನ್ನ ದೋಷಗಳು ಒಂದೊಂದಾಗಿ ಸಿಕ್ಕವು.

ಕೈ ಹಾಕುವ ಮುಂಚೆ ಒಂದು ಮಾತು. ಟ್ರೇಲರ್ ಖಾಲಿ ಮಾಡಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಚಾಸಿಯ ಕೆಳಗೆ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿ ಇಡಲೇಬೇಕು. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ, ದಯವಿಟ್ಟು.

ಮೂಕಿಯ ಮೇಲೆ ತೂಕ ಇದೆಯೇ?

ಚಕ್ರ ನಿಂತಲ್ಲೇ ತಿರುಗಿದಾಗ ನಾನು ಮೊದಲು ಬೈದದ್ದು ಟ್ರ್ಯಾಕ್ಟರ್ ಟೈರನ್ನು. ಸವೆದಿದೆ ಅಂದುಕೊಂಡೆ. ಹುಕ್ಕಿನ ಸದ್ದಿಗೆ ಪಿನ್ ಸಡಿಲ ಅಂದುಕೊಂಡೆ. ಪಿನ್ ಬದಲಿಸಿದರೂ ಸದ್ದು ಹೋಗಲಿಲ್ಲ.

ಅಪ್ಪ ಜಗಲಿಯಿಂದಲೇ ನೋಡುತ್ತಿದ್ದರು. 'ಮೂಕಿ ಎದ್ದೇಳ್ತಾ ಇದೆ ಕಣಪ್ಪ' ಅಂದರು. 'ಎತ್ತಿನ ಗಾಡಿ ಆಗಿದ್ರೆ ಇಷ್ಟೊತ್ತಿಗೆ ಎತ್ತಿನ ಕೊರಳು ಬಿಗೀತಿತ್ತು. ಹಿಂದ್ಗಡೆ ಭಾರ ಜಾಸ್ತಿ ಆಗಿದೆ, ಮುಂದಕ್ಕೆ ತಗೋ.'

ಗಾಡಿ ಹೊಡೆದವರಿಗೆ ಇದು ಮೈಗೂಡಿದ ಲೆಕ್ಕ. ಭಾರ ಮುಂದಕ್ಕೆ ಜಾಸ್ತಿಯಾದರೆ ನೊಗ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಹಿಂದಕ್ಕೆ ಜಾಸ್ತಿಯಾದರೆ ನೊಗ ಮೇಲಕ್ಕೆದ್ದು ಕೊರಳ ಪಟ್ಟಿ ಬಿಗಿಯುತ್ತದೆ. ಟ್ರೇಲರ್‌ನಲ್ಲೂ ಅದೇ. ಮೂಕಿ ಹಗುರಾದರೆ ಟ್ರ್ಯಾಕ್ಟರ್‌ನ ಹಿಂಭಾಗವನ್ನು ಒತ್ತುವ ಬದಲು ಎತ್ತುತ್ತದೆ. ಚಕ್ರಕ್ಕೆ ಹಿಡಿತ ಹೋಗುತ್ತದೆ. ಏರಿನಲ್ಲಿ ಭಾರ ಇನ್ನಷ್ಟು ಹಿಂದಕ್ಕೆ ವಾಲುತ್ತದೆ. ಅದಕ್ಕೇ ದಿಬ್ಬದಲ್ಲೇ ದೋಷ ಕಾಣಿಸಿದ್ದು.

ಪಿಕಪ್‌ನ ಹಿಂಭಾಗ ಕತ್ತರಿಸಿದವರಿಗೆಲ್ಲ ಈ ತೊಂದರೆ ಯಾಕೆ ಬರುತ್ತದೆ ಅಂದರೆ, ಪಿಕಪ್‌ನಲ್ಲಿ ಬಾಡಿಯ ನಟ್ಟನಡುವೆಯೋ ಅದಕ್ಕಿಂತ ಸ್ವಲ್ಪ ಹಿಂದೆಯೋ ಆಕ್ಸಲ್ ಇರುತ್ತದೆ. ಮುಂದೆ ಎಂಜಿನ್, ಕ್ಯಾಬಿನ್ ತೂಕ ಇರುವುದರಿಂದ ಗಾಡಿ ಹಿಂದಕ್ಕೆ ಮಗುಚುವ ಭಯವೇ ಇಲ್ಲ. ಎಂಜಿನ್ ಹೋದ ಮೇಲೆ ಆ ತೂಕವೂ ಹೋಯಿತು. ಉಳಿದದ್ದು ತಕ್ಕಡಿಯಂತೆ ಆಕ್ಸಲ್ ಮೇಲೆ ತೂಗುವ ಬಾಡಿ.

ಬೇಗ ಗೊತ್ತಾಗಬೇಕಾದರೆ ಹೀಗೆ ಮಾಡಿ. ಟ್ರೇಲರ್ ಹಿಂತುದಿಯ ಕೆಳಗೆ ದಿಮ್ಮಿ ಇಡಿ, ಆಕಸ್ಮಾತ್ ಮಗುಚಿದರೂ ನಿಲ್ಲಲಿ. ಚಕ್ರಕ್ಕೆ ಕಲ್ಲು ಕೊಡಿ. ಎಂದಿನ ಭಾರ ತುಂಬಿ, ಟ್ರ್ಯಾಕ್ಟರ್‌ನಿಂದ ಬಿಡಿಸಿ, ಮೂಕಿಯನ್ನು ಎತ್ತಿ ನೋಡಿ. ತುಂಬಿದ ಟ್ರೇಲರ್‌ನ ಮೂಕಿ ಒಬ್ಬರ ಕೈಗೆ ಸಲೀಸಾಗಿ ಎದ್ದರೆ ಅದು ತೀರಾ ಹಗುರ.

ಸರಿಯಾದ ಲೆಕ್ಕ ಬೇಕಾದರೆ ತೂಗಲೇಬೇಕು. ತೆಂಗಿನಕಾಯಿ ವ್ಯಾಪಾರಿ ಹತ್ತಿರ ಇರುವ ಹಲಗೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಅದರ ಮೇಲೊಂದು ಮರದ ದಿಮ್ಮಿ ಇಟ್ಟು ಸೊನ್ನೆ ಮಾಡಿಕೊಳ್ಳಿ. ಮೂಕಿಯ ತುದಿ ಆ ದಿಮ್ಮಿಯ ಮೇಲೆ ಕೂರಲಿ. ಎತ್ತರ ಮಾತ್ರ ಟ್ರ್ಯಾಕ್ಟರ್‌ಗೆ ಸಿಕ್ಕಿಸಿದಾಗ ಎಷ್ಟಿರುತ್ತದೋ ಅಷ್ಟೇ ಇರಬೇಕು, ಇಲ್ಲದಿದ್ದರೆ ತೂಕ ತಪ್ಪು ತೋರಿಸುತ್ತದೆ. ಮನೆಯಲ್ಲಿ ಆಳು ನಿಂತು ತೂಗುವ ಸಣ್ಣ ತಕ್ಕಡಿ ಮಾತ್ರ ಇದ್ದರೂ ದಾರಿ ಇದೆ. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ತಕ್ಕಡಿ ಮೇಲೆ ಇಡಿ. ಎರಡರ ನಡುವೆ 3 ಅಡಿ ಅಂತರ ಇರಲಿ. ಮೂಕಿಯನ್ನು ಇಟ್ಟಿಗೆಯಿಂದ 1 ಅಡಿ ದೂರದಲ್ಲಿ ಕೂರಿಸಿ. ತಕ್ಕಡಿ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಮೂಕಿಯ ತೂಕ ಬಂತು.

ನನ್ನದರ ಲೆಕ್ಕ ಹೀಗಿತ್ತು. ಖಾಲಿ ಟ್ರೇಲರ್ 450 ಕಿಲೋ. 50 ಕಿಲೋದ 16 ಚೀಲ ಹಿಂಡಿ, 800 ಕಿಲೋ. ಒಟ್ಟು 1250. ಹುಕ್ಕಿನಿಂದ ಆಕ್ಸಲ್‌ಗೆ 3 ಮೀಟರ್. ಮೂಕಿಯ ತೂಕ ಬಂದದ್ದು ಬರೀ 40 ಕಿಲೋ. ಅಂದರೆ ಒಟ್ಟು ತೂಕದ ನೂರಕ್ಕೆ 3 ಪಾಲು. ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲಿರಬೇಕು ಅನ್ನುವುದು ಕಾರಿನ ಹಿಂದೆ ಟ್ರೇಲರ್ ಎಳೆಯುವ ಅಮೆರಿಕದಂಥ ಕಡೆ ಎಲ್ಲರೂ ಪಾಲಿಸುವ ಅಳತೆ. ಅಲ್ಲಿ ಹೆದ್ದಾರಿಯ ವೇಗದಲ್ಲಿ ಮೂಕಿ ಹಗುರಾದರೆ ಟ್ರೇಲರ್ ಬಾಲ ಅಲ್ಲಾಡಿಸಿ ಕಾರನ್ನೇ ಮಗುಚಿಬಿಡುತ್ತದೆ. ನಮ್ಮದು ನಿಧಾನದ ಓಡಾಟ, ಆದರೂ 10ಕ್ಕಿಂತ ಕೆಳಗೆ ಇಳಿಸಬೇಡಿ. ಜಾಸ್ತಿ ಆದರೂ ತೊಂದರೆ ಇದೆ. ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ.

ಸರಿಪಡಿಸುವುದಕ್ಕೆ ಎಲ್ಲರೂ ಹೇಳಿದ್ದು ಆಕ್ಸಲ್ ಹಿಂದಕ್ಕೆ ಸರಿಸು ಅಂತ. ಅದಕ್ಕೆ ಪ್ಲೇಟ್ ಸೆಟ್‌ನ (ಆಕ್ಸಲ್ ಮೇಲೆ ಭಾರ ಹೊರುವ ಪಟ್ಟಿ ಸ್ಪ್ರಿಂಗಿನ) ಬ್ರಾಕೆಟ್‌ಗಳನ್ನೆಲ್ಲ ಕಿತ್ತು ಹೊಸದಾಗಿ ಕೂರಿಸಬೇಕು. ನಮ್ಮ ದೇಶದ ಪಿಕಪ್‌ಗಳಲ್ಲಿ ಇನ್ನೊಂದು ಸುಲಭದ ದಾರಿ ಇದೆ. ಬಾಡಿಯ ಹಾಸು ಚಕ್ರದ ಮೇಲೆ ಚಪ್ಪಟೆಯಾಗಿದ್ದು, ಚಾಸಿಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಮುಂದೆ ಕ್ಯಾಬಿನ್ ಇಲ್ಲವಲ್ಲ, ಜಾಗ ಖಾಲಿ. ಬೋಲ್ಟ್ ಬಿಚ್ಚಿ ಇಡೀ ಬಾಡಿಯನ್ನೇ 1 ಅಡಿ ಮುಂದಕ್ಕೆ ತಳ್ಳಿ ಕೂರಿಸಿದೆವು. ನಾಲ್ಕು ಜನ, ಅರ್ಧ ದಿನದ ಕೆಲಸ. ಅದೇ 16 ಚೀಲ ಅದೇ ಥರ ಜೋಡಿಸಿ ಮತ್ತೆ ತೂಗಿದರೆ 135 ಕಿಲೋ ಆಸುಪಾಸು ಬಂತು. ನೂರಕ್ಕೆ 11 ಪಾಲು. ಅವತ್ತಿಂದ ದಿಬ್ಬದಲ್ಲಿ ಚಕ್ರ ಜಾರಿಲ್ಲ. ಹುಕ್ಕಿನ ಸದ್ದೂ ನಿಂತಿತು. ಬದಲಿಸಿದ ಪಿನ್‌ನ ದುಡ್ಡು ದಂಡ.

ಹಾಸಿನ ಒಳಗೆ ಚಕ್ರದ ಉಬ್ಬು ಇರುವ ಬಾಡಿಯಾದರೆ ಹೀಗೆ ತಳ್ಳಲಾಗದು. ಆಗ ಸ್ಟೆಪ್ನಿ, ಜಾಕ್, ನೀರಿನ ಕ್ಯಾನು ಎಲ್ಲವನ್ನೂ ಮೂಕಿಯ ಬುಡದಲ್ಲಿ ಕೂರಿಸಿ, ಚೀಲ ಮುಂದಿನಿಂದ ತುಂಬುತ್ತಾ ಬನ್ನಿ. ಇಳಿಸುವಾಗ ಹಿಂದಿನಿಂದ ಇಳಿಸಿ. ಮುಂದಿನ ಚೀಲಗಳನ್ನು ಮೊದಲು ಇಳಿಸಿದರೆ ಟ್ರೇಲರ್ ಕುಂಡೆ ಊರಿ ಮೂಕಿ ಗಾಳಿಗೆ ಏಳುತ್ತದೆ. ಮುಂದೆ ಬಗ್ಗಿ ನಿಂತವರ ಗದ್ದಕ್ಕೆ ಬಡಿಯುತ್ತದೆ.

ಹುಕ್ಕಿನ ಎತ್ತರ ಕೂಡ ನೋಡಿ. ಟ್ರೇಲರ್ ಹಾಸು ನೆಲಕ್ಕೆ ಸಮಾನಾಂತರ ಇರಬೇಕು, ಇಲ್ಲವೇ ಕೂದಲೆಳೆ ಮುಂದಕ್ಕೆ ವಾಲಿರಬೇಕು. ಎತ್ತರ ಹೊಂದಲಿಲ್ಲ ಅಂತ ಟ್ರ್ಯಾಕ್ಟರ್‌ನ ಮೇಲಿನ ಲಿಂಕ್ (ನೇಗಿಲನ್ನು ಮೇಲಿನಿಂದ ಹಿಡಿಯುವ ಸರಳು) ಸಿಕ್ಕಿಸುವ ತೂತಿಗೆ ಎಳೆತ ಕಟ್ಟುವವರಿದ್ದಾರೆ. ಇದು ಪ್ರಾಣಕ್ಕೆ ಅಪಾಯ. ಎಳೆತ ಟ್ರ್ಯಾಕ್ಟರ್‌ನ ಹಿಂದಿನ ಆಕ್ಸಲ್‌ಗಿಂತ ಮೇಲಿದ್ದರೆ ಅದರ ಮುಂಭಾಗ ಎದ್ದು ಚಾಲಕನ ಮೇಲೆಯೇ ಮಗುಚಬಹುದು. ಎತ್ತರ ಹೊಂದಿಸಬೇಕಾದದ್ದು ಮೂಕಿಯಲ್ಲಿ.

ಬಿಸಿಯಾಗುವ ಚಕ್ರ

ಸುಟ್ಟ ವಾಸನೆ ಬಂದರೆ ಕಾರಣ ಎರಡರಲ್ಲಿ ಒಂದು: ಬ್ರೇಕ್ ಹಿಡಿದಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಬೇರೆ ಮಾಡುವುದು ಕಷ್ಟವಲ್ಲ. ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಮೊದಲು ನೀರು ಚಿಮುಕಿಸಿ. ಚುಯ್ ಅಂದರೆ ನೂರು ಡಿಗ್ರಿ ದಾಟಿದೆ ಅಂತ ಅರ್ಥ. ಬ್ರೇಕ್ ಡ್ರಮ್ಮಿನ ಸುತ್ತು ಜಾಸ್ತಿ ಬಿಸಿ, ನಡುವಿನ ಹಬ್ ಕಮ್ಮಿ ಬಿಸಿ ಇದ್ದರೆ ಬ್ರೇಕ್ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿ) ಉಜ್ಜುತ್ತಿದೆ. ನಡುವೆಯೇ ಬಿಸಿ ಜಾಸ್ತಿ ಇದ್ದರೆ ಬೇರಿಂಗ್. ಎರಡೂ ಚಕ್ರ ಒಂದೇ ಸಮ ಬೆಚ್ಚಗಿದ್ದರೆ ಚಿಂತೆ ಬೇಡ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಚಕ್ರ ಎತ್ತಿ ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಆ ಕಡೆಯ ಪ್ಲೇಟ್ ಸೆಟ್ ಮೇಲೆ ಇಡಿ. ಕಿವಿಗೆ ಕೇಳದ ಬೇರಿಂಗ್ ಗರಗರ ಕೈಗೆ ಗೊತ್ತಾಗುತ್ತದೆ. ಆಮೇಲೆ ಚಕ್ರದ ಮೇಲೊಂದು, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಲೊಡ ಲೊಡ ಅಂದರೆ ಬೇರಿಂಗ್ ಸವೆದಿದೆ.

ನನ್ನದು ಬೇರಿಂಗೇ. ಬದಲಿಸಿದೆ. ಮೂರು ವಾರಕ್ಕೆ ಮತ್ತೆ ಸುಟ್ಟಿತು. ಕಳಪೆ ಮಾಲು ಅಂತ ಸಿಟ್ಟು ಬಂತು. ಆದರೆ ಬಲಗಡೆ ಮಾತ್ರ ಯಾಕೆ? ಕೊನೆಗೆ ಹೌಸಿಂಗ್‌ನ ಆಯಿಲ್ ತುಂಬುವ ಬಿರಡೆ ಬಿಚ್ಚಿ ಬೆರಳು ಹಾಕಿದೆ. ಬೆರಳು ಒಣಗಿದಂತೆಯೇ ಹೊರಗೆ ಬಂತು. ಕತ್ತರಿಸಿ ಕೊಟ್ಟ ವರ್ಕ್‌ಶಾಪ್‌ನವರನ್ನು ಕೇಳಿದರೆ, 'ಎಂಜಿನ್ನೇ ಇಲ್ವಲ್ಲಣ್ಣ, ಸುಮ್ನೆ ಆಯಿಲ್ ಯಾಕೆ ಅಂತ ಇಳಿಸಿಬಿಟ್ವಿ' ಅಂದರು.

ಎಂಜಿನ್ ಇಲ್ಲ, ಸರಿ. ಆದರೆ ಚಕ್ರ ತಿರುಗಿದರೆ ಆಕ್ಸಲ್ ಒಳಗಿನ ಸರಳು, ಅಂದರೆ ಶಾಫ್ಟ್, ತಿರುಗುತ್ತದೆ. ಶಾಫ್ಟ್ ತಿರುಗಿದರೆ ಒಳಗಿನ ಕ್ರೌನ್ ಅನ್ನುವ ದೊಡ್ಡ ಹಲ್ಲುಚಕ್ರ ತಿರುಗುತ್ತದೆ. ಅದು ಎರಚುವ ಆಯಿಲ್ಲೇ ಕೊಳವೆಯಲ್ಲಿ ಹರಿದು ಎಷ್ಟೋ ಗಾಡಿಗಳಲ್ಲಿ ಚಕ್ರದ ಬೇರಿಂಗಿಗೆ ಸಿಗುವುದು. ನಮ್ಮ ಕೊಟ್ಟಿಗೆಯ ನೆಲ ಎಡಕ್ಕೆ ಇಳಿಜಾರು. ತಳದಲ್ಲಿ ಉಳಿದಿದ್ದ ಚೂರುಪಾರು ಆಯಿಲ್ ರಾತ್ರಿಯೆಲ್ಲ ಎಡಗಡೆಗೇ ಹರಿದು ಆ ಬೇರಿಂಗನ್ನು ಕಾಪಾಡಿತ್ತು. ಬಲಗಡೆಯದು ಒಣಗಿ ಸುಟ್ಟಿತ್ತು.

ಹಾಗಾಗಿ ಮೊದಲು ನಿಮ್ಮ ಆಕ್ಸಲ್ ಯಾವ ಬಗೆಯದು ಅಂತ ತಿಳಿದುಕೊಳ್ಳಿ. ಚಕ್ರದ ನಟ್ಟನಡುವೆ, ವೀಲ್ ನಟ್‌ಗಳ ಒಳಗಡೆ, ಹೊರಕ್ಕೆ ಚಾಚಿದ ತಟ್ಟೆಯೊಂದಿದ್ದು ಅದಕ್ಕೆ ಸುತ್ತ ಸಣ್ಣ ಬೋಲ್ಟ್‌ಗಳಿದ್ದರೆ ಅದು ಫುಲ್ ಫ್ಲೋಟಿಂಗ್. ದೊಡ್ಡ ಭಾರದ ಗಾಡಿಗಳಲ್ಲಿ ಇರುವಂಥದ್ದು. ಇದರಲ್ಲಿ ಚಕ್ರ ಹಬ್‌ನ ಮೇಲೆಯೇ ನಿಂತಿರುತ್ತದೆ. ಆ ಬೋಲ್ಟ್ ಬಿಚ್ಚಿ ಶಾಫ್ಟನ್ನು ಪೂರ್ತಿ ಹೊರಗೆಳೆದರೂ ಚಕ್ರ ಕಳಚುವುದಿಲ್ಲ. ಟ್ರೇಲರ್‌ಗೆ ಇದು ಚಿನ್ನದಂಥ ಆಕ್ಸಲ್. ಶಾಫ್ಟ್ ತೆಗೆದರೆ ಒಳಗಿನ ಹಲ್ಲುಗಳು ತಿರುಗುವ ಕೆಲಸವೇ ಇಲ್ಲ, ಎಳೆತ ಹಗುರ. ಆದರೆ ಶಾಫ್ಟ್ ತೆಗೆದ ಬಾಯಿಗೆ ತಗಡಿನ ಮುಚ್ಚಳ ಕೊಯ್ದು, ಪ್ಯಾಕಿಂಗ್ ಇಟ್ಟು ಬಿಗಿಯಬೇಕು. ಬೇರಿಂಗಿಗೆ ಗ್ರೀಸ್ ತುಂಬಬೇಕು. ಬಾಯಿ ತೆರೆದು ಬಿಟ್ಟರೆ ಒಂದೇ ಬೇಸಿಗೆಯ ಧೂಳು ಬೇರಿಂಗನ್ನು ತಿಂದುಹಾಕುತ್ತದೆ.

ನಡುವೆ ಅಂಥ ಬೋಲ್ಟಿನ ತಟ್ಟೆ ಇಲ್ಲದಿದ್ದರೆ ಸೆಮಿ ಫ್ಲೋಟಿಂಗ್. ಇಲ್ಲಿ ಚಕ್ರ ಕೂತಿರುವುದೇ ಶಾಫ್ಟಿನ ಮೇಲೆ. ಶಾಫ್ಟ್ ತೆಗೆದರೆ ಚಕ್ರವೂ ಬಂತು. ಕೆಲವು ಆಕ್ಸಲ್‌ಗಳಲ್ಲಂತೂ ಶಾಫ್ಟ್ ಜಾರದಂತೆ ಹಿಡಿಯುವ ಲಾಕ್, ಹೌಸಿಂಗ್ ನಡುವಿನ ಹಲ್ಲುಚಕ್ರಗಳ ಗುಂಪಾದ ಡಿಫರೆನ್ಷಿಯಲ್‌ನ ಒಳಗೇ ಇರುತ್ತದೆ. ಭಾರ ಕಮ್ಮಿ ಮಾಡೋಣ ಅಂತ ಡಿಫರೆನ್ಷಿಯಲ್ ಬಿಚ್ಚಿ ತೆಗೆದರೆ ಓಡುವಾಗ ಚಕ್ರ ಶಾಫ್ಟ್ ಸಮೇತ ಹೊರಬರುತ್ತದೆ. ಇದನ್ನು ಬಿಚ್ಚಲೇಬೇಡಿ. ಎಂಜಿನ್ ಕಡೆಯಿಂದ ಬರುತ್ತಿದ್ದ ಪ್ರೊಪೆಲ್ಲರ್ ಶಾಫ್ಟ್ ತೆಗೆದು, ಅದು ಕೂಡುತ್ತಿದ್ದ ಪಿನಿಯನ್ನಿನ ಫ್ಲ್ಯಾಂಜ್ ಮತ್ತು ಅದರ ನಟ್ ಹಾಗೇ ಬಿಡಿ. ಹೌಸಿಂಗ್‌ಗೆ 90 ನಂಬರ್ ಗೇರ್ ಆಯಿಲ್ ತುಂಬಿ. ಎಷ್ಟು? ಬಿರಡೆ ತೂತಿನ ಕೆಳಗಿನ ಅಂಚಿಗೆ ಬರುವಷ್ಟು. ಆಯಿಲ್ ಹಾಕಿ, ಮೂರನೇ ಬೇರಿಂಗ್ ಕೂರಿಸಿದ್ದು ಹೋದ ಸಲದ ಮುಂಗಾರಿನಲ್ಲಿ. ಇನ್ನೂ ತಣ್ಣಗಿದೆ.

ಆಯಿಲ್ ಇದ್ದೂ ಟೈರಿನ ಒಳಮೈಗೆ ಜಿಡ್ಡು ಇಳಿಯುತ್ತಿದ್ದರೆ ಸೀಲ್ (ಆಯಿಲ್ ಸೋರದಂತೆ ತಡೆಯುವ ಬಳೆ) ಬದಲಿಸುವ ಮುಂಚೆ ಹೌಸಿಂಗ್ ಮೇಲಿನ ಉಸಿರುಕೊಳವೆ ನೋಡಿ. ಸಣ್ಣ ಟೋಪಿಯಂಥ ಭಾಗ. ಕೆಸರು ಕಟ್ಟಿಕೊಂಡರೆ ಒಳಗೆ ಬಿಸಿಯಾದ ಗಾಳಿಗೆ ದಾರಿ ಇರುವುದಿಲ್ಲ. ಅದು ಆಯಿಲನ್ನು ಸೀಲ್ ದಾಟಿಸಿ ಹೊರಗೆ ತಳ್ಳುತ್ತದೆ. ತಂತಿ ಹಾಕಿ ಬಿಡಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಇನ್ನು ಬ್ರೇಕ್ ಹಿಡಿದಿದ್ದರೆ, ಹೆಚ್ಚಾಗಿ ಅದು ಹ್ಯಾಂಡ್ ಬ್ರೇಕ್ ಕೇಬಲ್ ಕತೆ. ಕತ್ತರಿಸುವಾಗ ಬಿಗಿಯಾಗಿದ್ದ ಕೇಬಲನ್ನು ಹಾಗೇ ಎಲ್ಲೋ ಸುತ್ತಿ ಕಟ್ಟಿರುತ್ತಾರೆ. ಅಥವಾ ಡ್ರಮ್ಮಿನ ಒಳಗೆ ಎಣ್ಣೆಯ ಒತ್ತಡದಿಂದ ಶೂ ತಳ್ಳುವ ವೀಲ್ ಸಿಲಿಂಡರ್ ತುಕ್ಕು ಹಿಡಿದು ಶೂಗಳನ್ನು ಅರ್ಧಕ್ಕೆ ನಿಲ್ಲಿಸಿರುತ್ತದೆ. ಸಿಲಿಂಡರ್ ಬೇಡವಾದರೆ ತೆಗೆದುಬಿಡಿ, ಕೇಬಲ್ ಮಾತ್ರ ಬಿಸಾಡಬೇಡಿ. ಅದನ್ನು ಮೂಕಿಯ ತನಕ ಎಳೆದು ಒಂದು ಲಿವರ್ ಕೊಟ್ಟರೆ ನಿಲ್ಲಿಸುವಾಗಿನ ಬ್ರೇಕ್ ಸಿಕ್ಕಿತು. ಓಡುವಾಗ ಟ್ರೇಲರ್‌ಗೆ ಬ್ರೇಕ್ ಇಲ್ಲ ಅನ್ನುವುದನ್ನು ಮಾತ್ರ ಮರೆಯಬೇಡಿ. ಮಿನಿ ಟ್ರ್ಯಾಕ್ಟರ್‌ಗಿಂತ ಹಿಂದಿನ ಭಾರವೇ ಜಾಸ್ತಿ ಇರಬಹುದು. ಇಳಿಜಾರಿಗೆ ಮುಂಚೆಯೇ ಸಣ್ಣ ಗೇರ್ ಹಾಕಿ, ಕ್ಲಚ್ ಒತ್ತದೆ ಇಳಿಯಬೇಕು. ಕ್ಲಚ್ ಒತ್ತಿದ ಕ್ಷಣ ಟ್ರೇಲರ್ ನಿಮ್ಮನ್ನು ತಳ್ಳಲು ಶುರು ಮಾಡುತ್ತದೆ.

ಅಡ್ಡಕ್ಕೆ ಸರಿದು ನಡೆಯುವುದು

ಮಳೆ ಬಿದ್ದ ಮಾರನೇ ದಿನ ಇದಕ್ಕೆ ಒಳ್ಳೆಯ ಹೊತ್ತು. ಹಸಿ ಮಣ್ಣಿನಲ್ಲಿ ಐವತ್ತು ಹೆಜ್ಜೆ ನೇರ ಎಳೆದು, ಇಳಿದು ಗುರುತು ನೋಡಿ. ಟ್ರ್ಯಾಕ್ಟರ್‌ನ ಎರಡು ಗೆರೆಗಳ ನಡುಭಾಗಕ್ಕೂ ಟ್ರೇಲರ್‌ನ ಎರಡು ಗೆರೆಗಳ ನಡುಭಾಗಕ್ಕೂ ವ್ಯತ್ಯಾಸ ಇದ್ದರೆ ಆಕ್ಸಲ್ ಮೂಕಿಗೆ ಚೌಕವಾಗಿ ಕೂತಿಲ್ಲ.

ಅಳೆಯಲು ಸ್ಟೀಲ್ ಟೇಪ್ ಸಾಕು. ಹುಕ್ಕಿನ ಪಿನ್ನಿನ ನಡುವಿನಿಂದ ಎಡ ಚಕ್ರದ ಬ್ರೇಕ್ ತಟ್ಟೆಯ ಒಂದು ಬಿಂದುವಿಗೆ, ಆಮೇಲೆ ಬಲ ಚಕ್ರದ ಅದೇ ಬಿಂದುವಿಗೆ. ಎರಡಕ್ಕೂ 5 ಮಿಲಿಮೀಟರ್ ಒಳಗೆ ವ್ಯತ್ಯಾಸ ಇದ್ದರೆ ಸರಿ. ನನ್ನದರಲ್ಲಿ 16 ಮಿಲಿಮೀಟರ್ ಇತ್ತು. ಎರಡು ಚಕ್ರಗಳ ನಡುವೆ ಸುಮಾರು 1.35 ಮೀಟರ್. 3 ಮೀಟರ್ ಮುಂದೆ ಹುಕ್ಕಿನ ಹತ್ತಿರ ಅದು ಮೂರೂವರೆ ಸೆಂಟಿಮೀಟರ್ ಆಗುತ್ತದೆ. ಮಣ್ಣಿನ ಗುರುತಿನಲ್ಲಿ ಕಂಡದ್ದೂ ಅಷ್ಟೇ.

ಮೂಕಿ ಕೂರಿಸಿದವರದ್ದೇ ತಪ್ಪು ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. ಮೂಕಿ ಕೊಯ್ದು ಮತ್ತೆ ಕೂಡಿಸಲು ದಿನವನ್ನೂ ಗೊತ್ತು ಮಾಡಿದ್ದೆ. ಅದೃಷ್ಟಕ್ಕೆ, ಪ್ಲೇಟ್ ಸೆಟ್‌ಗೆ ಆಕ್ಸಲ್ ಬಿಗಿಯುವ ಎಡಗಡೆ ಯು ಬೋಲ್ಟ್ ಸುತ್ತ ಕೆಂಪು ಪುಡಿ ಕಣ್ಣಿಗೆ ಬಿತ್ತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಾಗ ಉದುರುವ ನಯವಾದ ತುಕ್ಕಿನ ಪುಡಿ ಅದು. ಎಲ್ಲಿ ಆ ಪುಡಿಯೋ ಅಲ್ಲಿ ಏನೋ ಅಲ್ಲಾಡುತ್ತಿದೆ ಅಂತ ತಿಳಿಯಿರಿ. ಯು ಬೋಲ್ಟ್ ಬಿಚ್ಚಿ ನೋಡಿದರೆ ಪ್ಲೇಟ್‌ಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿತ್ತು. ಅದರ ತಲೆ ಆಕ್ಸಲ್‌ನ ಗುಳಿಯಲ್ಲಿ ಕೂತು ಆಕ್ಸಲ್ ಜಾರದಂತೆ ತಡೆಯುತ್ತದೆ. ಯು ಬೋಲ್ಟ್ ಸಡಿಲಾಗಿದ್ದರಿಂದ ಇಡೀ ಹೊರೆ ಆ ಸಣ್ಣ ಬೋಲ್ಟಿನ ಮೇಲೆ ಬಿದ್ದು ಅದು ಕಡಿದಿತ್ತು. ಆಕ್ಸಲ್‌ನ ಎಡ ತುದಿ ಹಿಂದಕ್ಕೆ ಜಾರಿತ್ತು. ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್ ಹಾಕಿದ ಮೇಲೆ ವ್ಯತ್ಯಾಸ 3 ಮಿಲಿಮೀಟರ್‌ಗೆ ಇಳಿಯಿತು. ಮೂಕಿ ಮೊದಲಿಂದಲೂ ನೇರವೇ ಇತ್ತು.

ಬಿಚ್ಚಿ ಕೂಡಿಸಿದ ಯು ಬೋಲ್ಟ್‌ಗಳನ್ನು ಮೊದಲ 50 ಕಿಲೋಮೀಟರ್ ಓಡಿದ ಮೇಲೆ, ಭಾರ ತುಂಬಿದ ಸ್ಥಿತಿಯಲ್ಲಿ, ಇನ್ನೊಮ್ಮೆ ಬಿಗಿಯಲೇಬೇಕು. ಪ್ಲೇಟ್‌ಗಳ ನಡುವಿನ ಬಣ್ಣ, ತುಕ್ಕು ಕೂತಂತೆ ಅವು ಸಡಿಲಾಗುತ್ತವೆ.

ಇಲ್ಲಿ ಎಷ್ಟೋ ಜನ ಒಂದು ತಪ್ಪು ಮಾಡುತ್ತಾರೆ. ಟೈರಿನ ಒಂದೇ ಅಂಚು ಸವೆದರೆ ಆಕ್ಸಲ್ ಚೌಕವಿಲ್ಲ ಅನ್ನುತ್ತಾರೆ. ಒಂದೇ ಆಕ್ಸಲ್‌ನ ಟ್ರೇಲರ್‌ನಲ್ಲಿ ಆಕ್ಸಲ್ ಓರೆಯಾದರೂ ಎರಡು ಚಕ್ರ ಒಂದಕ್ಕೊಂದು ಸಮಾನಾಂತರವಾಗಿಯೇ ಉರುಳುತ್ತವೆ. ಟ್ರೇಲರ್ ಸೊಟ್ಟ ನಡೆಯುತ್ತದೆ, ಟೈರ್ ಅಷ್ಟಾಗಿ ಸವೆಯುವುದಿಲ್ಲ. ಒಂದು ಅಂಚು ಸವೆದರೆ ಹೆಚ್ಚಾಗಿ ಹೌಸಿಂಗ್‌ನ ಕೊಳವೆಯೇ ಬಗ್ಗಿರುತ್ತದೆ. ಜಾಸ್ತಿ ಭಾರ ಹೇರಿದಾಗ ಬಗ್ಗುತ್ತದೆ. ಕೊಳವೆಯ ಒಂದೇ ಮೈಗೆ ದಪ್ಪ ವೆಲ್ಡಿಂಗ್ ಹಾಕಿದರೂ ಬಗ್ಗುತ್ತದೆ, ಬೆಸುಗೆ ತಣ್ಣಗಾಗುವಾಗ ಕಬ್ಬಿಣವನ್ನು ತನ್ನ ಕಡೆ ಎಳೆಯುತ್ತದಲ್ಲ. ನೋಡಬೇಕಾದರೆ ಎರಡೂ ಚಕ್ರ ಎತ್ತಿ, ಪ್ರತಿ ಟೈರಿನ ನಡುವೆ ಹಿಂದುಗಡೆ ಸೀಮೆಸುಣ್ಣದ ಗುರುತು ಹಾಕಿ. ಆಕ್ಸಲ್ ಎತ್ತರದಲ್ಲೇ ಎರಡು ಗುರುತಿನ ಅಂತರ ಅಳೆಯಿರಿ. ಎರಡೂ ಚಕ್ರ ಅರ್ಧ ಸುತ್ತು ತಿರುಗಿಸಿ ಅದೇ ಗುರುತುಗಳನ್ನು ಮುಂದಕ್ಕೆ ತಂದು ಮತ್ತೆ ಅಳೆಯಿರಿ. 3 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೊಳವೆ ಬಗ್ಗಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ, ನಡುವೆ ಸವೆದಿದ್ದರೆ ಗಾಳಿ ಜಾಸ್ತಿ, ಅಷ್ಟೇ.

ದೀಪ

ನಿಂತಾಗ ಉರಿಯುವ ದೀಪ ಓಡುವಾಗ ಮಿಣಮಿಣ ಅಂದರೆ ಬಲ್ಬು ಬದಲಿಸಬೇಡಿ. ಇಂಡಿಕೇಟರ್ ಹಾಕಿದಾಗ ಹಿಂದಿನ ಕೆಂಪು ದೀಪವೂ ಮಿಟುಕಿದರೆ ಅನುಮಾನವೇ ಬೇಡ, ಅರ್ತಿಂಗ್ ಸರಿ ಇಲ್ಲ. ಅರ್ತಿಂಗ್ ಈಗ ಹುಕ್ಕಿನ ಪಿನ್ ಮೂಲಕ ಹೋಗುತ್ತಿದೆ. ಅಲ್ಲಿ ಗ್ರೀಸ್, ತುಕ್ಕು, ಅಲ್ಲಾಟ ಎಲ್ಲ ಇದೆ. ಟ್ರ್ಯಾಕ್ಟರ್ ಬ್ಯಾಟರಿಯಿಂದ ದೀಪದ ತನಕ ಅರ್ತಿಂಗ್‌ಗೆ ಬೇರೆಯೇ ವೈರ್ ಎಳೆಯಿರಿ.

ದೀಪ ಇದೆ ಅಂದಮಾತ್ರಕ್ಕೆ ರಸ್ತೆಗೆ ಇಳಿಸಬಹುದು ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಬೇರೆಯೇ ವಾಹನ, ಅದಕ್ಕೂ ನೋಂದಣಿ ಬೇಕು. ಕತ್ತರಿಸಿದ ಪಿಕಪ್‌ನ ವಿಷಯವನ್ನೂ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಹಳೇ ಆರ್‌ಸಿ ರದ್ದು ಮಾಡಿಸಬೇಕು. ನಾನು ತೋಟದ ಬೇಲಿ ದಾಟಿಸುವುದಿಲ್ಲ. ಜನರನ್ನೂ ಕೂರಿಸುವುದಿಲ್ಲ, ಮಕ್ಕಳನ್ನಂತೂ ಇಲ್ಲವೇ ಇಲ್ಲ.

ಬಿರುಕು

ಇದನ್ನು ಕೊನೆಗೆ ಇಟ್ಟದ್ದು ಮುಖ್ಯವಲ್ಲ ಅಂತಲ್ಲ. ಇದು ಮುಂಚೆಯೇ ಸದ್ದು ಮಾಡಿ ತಿಳಿಸುವ ದೋಷ ಅಲ್ಲ, ನೀವೇ ಹುಡುಕಿಕೊಂಡು ಹೋಗಬೇಕು. ಮೂಕಿ ಚಾಸಿಗೆ ಸೇರುವ ಜಾಗವೇ ಇಡೀ ಟ್ರೇಲರ್‌ನ ಕುತ್ತಿಗೆ. ಚಾಸಿಯ ಕೆಳ ಅಂಚಿಗೆ ಅಡ್ಡಡ್ಡ ವೆಲ್ಡಿಂಗ್ ಹಾಕಿದ್ದರೆ ಬಿರುಕು ಬೆಸುಗೆಯ ಬುಡದಿಂದಲೇ ಶುರುವಾಗುತ್ತದೆ.

ಹಳೇ ಕಾಲದ ಒಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಆ ಜಾಗದ ಬಣ್ಣ, ಕೊಳೆ ಎಲ್ಲ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಹತ್ತು ನಿಮಿಷ ಬಿಡಿ. ಬಟ್ಟೆಯಿಂದ ಒಣಗುವಷ್ಟು ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ತೆಳ್ಳಗೆ ಉದುರಿಸಿ. ಮೂಕಿಯನ್ನು ಎರಡು ಸಲ ಒತ್ತಿ ಎತ್ತಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಹೊರಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ.

ನನ್ನದರಲ್ಲಿ ಬಲಗಡೆ ಬೆಸುಗೆಯ ತುದಿಯಲ್ಲಿ ಎರಡು ಬೆರಳು ಉದ್ದದ ಗೆರೆ ಮೂಡಿತು. ಅದರ ಮೇಲೆಯೇ ಇನ್ನೊಂದು ವೆಲ್ಡಿಂಗ್ ಎಳೆದು ಮುಚ್ಚಲಿಲ್ಲ. ಬಿರುಕಿನ ತುದಿಯಲ್ಲಿ ತೂತು ಕೊರೆದು ಅದು ಮುಂದುವರಿಯುವುದನ್ನು ಮೊದಲು ನಿಲ್ಲಿಸಿದೆವು. ಬಿರುಕನ್ನು ಗ್ರೈಂಡರ್‌ನಿಂದ ಪೂರ್ತಿ ಕೊರೆದು ತೆಗೆದು, ಆಮೇಲೆ ಬೆಸುಗೆ ತುಂಬಿದೆವು. ಮೂಕಿಯ ಎರಡು ಕಾಲುಗಳನ್ನು ಹಿಂದಕ್ಕೆ ಉದ್ದ ಮಾಡಿ ಚಾಸಿಯ ಎರಡನೇ ಅಡ್ಡಪಟ್ಟಿಯ ತನಕ ಒಯ್ದು, ಅಲ್ಲಿ ಬೋಲ್ಟ್ ಹಾಕಿದೆವು. ಟ್ರೇಲರ್‌ನಿಂದ ಟ್ರ್ಯಾಕ್ಟರ್‌ಗೆ ಒಂದು ದಪ್ಪ ಸರಪಳಿಯನ್ನೂ ಕಟ್ಟಿದೆವು. ಸರಪಳಿಯ ಬುಡ ಮೂಕಿಯ ಮೇಲಲ್ಲ, ಬೆಸುಗೆಯ ಹಿಂದೆ, ಚಾಸಿಗೇ.